ಸ್ವವಿವರದ ಕಡತ ಸ್ವರೂಪ

ಸ್ವವಿವರದ ಕಡತ ಸ್ವರೂಪ ಎಂದರೆ ಉದ್ಯೋಗಾಕಾಂಕ್ಷಿಯು ತನ್ನ ವಿದ್ಯಾರ್ಹತೆ, ಅನುಭವ, ಕೌಶಲ ಮೊದಲಾದ ವಿವರಗಳನ್ನು ಗಣಕಯಂತ್ರದಲ್ಲಿ ಬರೆದು ಉಳಿಸಿಕೊಳ್ಳುವ ಕಡತದ ಬಗೆ. ಬಯೋಡೇಟಾ, ರೆಸ್ಯೂಮೆ, ಸಿ.ವಿ. ಎಂಬ ಹೆಸರುಗಳಿಂದಲೂ ಕರೆಯಲ್ಪಡುವ ಸ್ವವಿವರವನ್ನು ಇಂದು ಬಹುಮಟ್ಟಿಗೆ ಪಿಡಿಎಫ್ ಅಥವಾ ಮೈಕ್ರೋಸಾಫ್ಟ್ ವರ್ಡ್ ಸ್ವರೂಪದಲ್ಲಿ ಕಳುಹಿಸಲಾಗುತ್ತದೆ. ಉದ್ಯೋಗದಾತರಿಗೆ ನೇರವಾಗಿ ಅರ್ಜಿ ಸಲ್ಲಿಸುವಾಗ ಇವೆರಡರ ನಡುವಿನ ಆಯ್ಕೆ ಅಷ್ಟೇನೂ ಮುಖ್ಯವೆನಿಸುವುದಿಲ್ಲ. ಆದರೆ ನೇಮಕಾತಿ ಸಂಸ್ಥೆಯ ಮೂಲಕ, ಅಂದರೆ ಆಡುಮಾತಿನಲ್ಲಿ ಕನ್ಸಲ್ಟೆನ್ಸಿ ಅಥವಾ ಏಜೆನ್ಸಿ ಎನ್ನಲಾಗುವ ಮಧ್ಯವರ್ತಿಯ ಮೂಲಕ ಅರ್ಜಿ ಹೋಗುವಾಗ ಈ ಆಯ್ಕೆಗೆ ಬೇರೆಯದೇ ಅರ್ಥ ಬರುತ್ತದೆ. ಪಿಡಿಎಫ್ ಕಡತವು ಬರೆದವರ ಕೈಯಲ್ಲಿದ್ದಂತೆಯೇ ಓದುವವರನ್ನು ತಲುಪುತ್ತದೆ; ವರ್ಡ್ ಕಡತವು ನಡುವೆ ಇರುವವರ ತಿದ್ದುಪಡಿಗೆ ತೆರೆದುಕೊಂಡಿರುತ್ತದೆ. ಆದ್ದರಿಂದ ಕಡತದ ಸ್ವರೂಪವನ್ನು ಆರಿಸುವುದು ಅಂದಚೆಂದದ ವಿಷಯ ಮಾತ್ರವಲ್ಲ. ತನ್ನ ಹೆಸರಿನಲ್ಲಿರುವ ದಾಖಲೆಯ ಮೇಲೆ ಅಭ್ಯರ್ಥಿಗೆ ಎಷ್ಟು ಹಿಡಿತ ಉಳಿಯುತ್ತದೆ ಎಂಬ ವಿಷಯವೂ ಹೌದು.

ಹಿನ್ನೆಲೆ

ಸಿ.ವಿ. ಎಂಬುದು ‘ಕರಿಕ್ಯುಲಮ್ ವೀಟೆ’ ಎಂಬ ಲ್ಯಾಟಿನ್ ಪದಪುಂಜದ ಸಂಕ್ಷೇಪ. ‘ಬದುಕಿನ ಪಥ’ ಎಂಬುದು ಅದರ ಅರ್ಥ. ರೆಸ್ಯೂಮೆ ಎಂಬುದು ‘ಸಾರಾಂಶ’ ಎಂಬರ್ಥದ ಫ್ರೆಂಚ್ ಪದ. ಭಾರತದಲ್ಲಿ ಈ ಎರಡು ಪದಗಳನ್ನೂ ಬಯೋಡೇಟಾ ಎಂಬ ಪದವನ್ನೂ ಹೆಚ್ಚಿನ ಭೇದವಿಲ್ಲದೆ ಬಳಸುವುದು ರೂಢಿ.

ಬೆರಳಚ್ಚು ಯಂತ್ರದ ಕಾಲದಲ್ಲಿ ಸ್ವವಿವರವನ್ನು ಕಾಗದದ ಮೇಲೆ ಅಚ್ಚುಮಾಡಿಸಿ, ನೆರಳಚ್ಚು ಪ್ರತಿ ತೆಗೆಸಿ, ಅಂಚೆಯ ಮೂಲಕ ಕಳುಹಿಸಲಾಗುತ್ತಿತ್ತು. ಅಂತಹ ಪ್ರತಿಯಲ್ಲಿ ಯಾರಾದರೂ ಒಂದು ಸಾಲನ್ನು ಬದಲಿಸಿದರೆ ಅದು ಕಣ್ಣಿಗೆ ಕಾಣುತ್ತಿತ್ತು. ಇ-ಮೇಲ್ ಮತ್ತು ಉದ್ಯೋಗ ಜಾಲತಾಣಗಳು ಬಳಕೆಗೆ ಬಂದ ಮೇಲೆ ಸ್ವವಿವರವು ಗಣಕೀಕೃತ ಕಡತವಾಯಿತು. ಭಾರತದ ಉದ್ಯೋಗ ಜಾಲತಾಣಗಳಲ್ಲಿ ಪ್ರಮುಖವಾದ ನೌಕ್ರಿ ಡಾಟ್ ಕಾಮ್ 1997ರಲ್ಲಿ ಆರಂಭವಾಯಿತು. ಕಡತವನ್ನು ಕ್ಷಣಮಾತ್ರದಲ್ಲಿ ಹಲವರಿಗೆ ಕಳುಹಿಸುವುದು ಸಾಧ್ಯವಾದಂತೆಯೇ, ಗುರುತು ಉಳಿಯದಂತೆ ಅದನ್ನು ಬದಲಿಸುವುದೂ ಸಾಧ್ಯವಾಯಿತು.

ನೇಮಕಾತಿ ಸಂಸ್ಥೆಯು ಉದ್ಯೋಗದಾತ ಮತ್ತು ಅಭ್ಯರ್ಥಿಯ ನಡುವೆ ನಿಂತು ಕೆಲಸ ಮಾಡುತ್ತದೆ. ಅದು ತನ್ನಲ್ಲಿಗೆ ಬಂದ ಸ್ವವಿವರಗಳನ್ನು ದತ್ತಸಂಚಯದಲ್ಲಿ ಸಂಗ್ರಹಿಸಿ, ತೆರವಾದ ಹುದ್ದೆಗೆ ಒಪ್ಪುವವರನ್ನು ಆರಿಸಿ, ಅವರ ವಿವರಗಳನ್ನು ಉದ್ಯೋಗದಾತರಿಗೆ ರವಾನಿಸುತ್ತದೆ. ಅಭ್ಯರ್ಥಿ ನೇಮಕಗೊಂಡರೆ ಉದ್ಯೋಗದಾತರಿಂದ ಶುಲ್ಕ ಪಡೆಯುತ್ತದೆ. ಸಾಮಾನ್ಯವಾಗಿ ಈ ಶುಲ್ಕವನ್ನು ನೇಮಕಗೊಂಡವರ ವಾರ್ಷಿಕ ವೇತನದ ಶೇಕಡಾವಾರು ಲೆಕ್ಕದಲ್ಲಿ ನಿಗದಿಪಡಿಸಲಾಗುತ್ತದೆ. ಕಡತದ ಸ್ವರೂಪದ ಬಗ್ಗೆ ಸಂಸ್ಥೆಗಳಿಗಿರುವ ಒಲವುಗಳಿಗೆ ಈ ವ್ಯವಹಾರ ಪದ್ಧತಿಯೇ ಮುಖ್ಯ ಕಾರಣ.

ಪ್ರಮುಖ ಸ್ವರೂಪಗಳು

ವರ್ಡ್ ಕಡತಗಳು

ಮೈಕ್ರೋಸಾಫ್ಟ್ ವರ್ಡ್ ತಂತ್ರಾಂಶದ ಮೊದಲ ಆವೃತ್ತಿ 1983ರಲ್ಲಿ ಹೊರಬಂದಿತು. ಅದರ ಹಳೆಯ ಕಡತ ಸ್ವರೂಪಕ್ಕೆ ‘ಡಾಕ್’ ಎಂದು ಹೆಸರು. ಆಫೀಸ್ 2007 ಆವೃತ್ತಿಯೊಂದಿಗೆ ‘ಡಾಕ್ಸ್’ ಎಂಬ ಹೊಸ ಸ್ವರೂಪ ಬಳಕೆಗೆ ಬಂದಿತು. ಇದರ ಆಧಾರವಾದ ಆಫೀಸ್ ಓಪನ್ ಎಕ್ಸ್‌ಎಂಎಲ್ ಅನ್ನು ಎಕ್ಮಾ ಸಂಸ್ಥೆ 2006ರಲ್ಲಿ ಮಾನಕವೆಂದು ಅಂಗೀಕರಿಸಿತು. 2008ರಲ್ಲಿ ಅದು ಅಂತರರಾಷ್ಟ್ರೀಯ ಮಾನಕವಾಯಿತು. ಡಾಕ್ಸ್ ಕಡತವು ಮೇಲ್ನೋಟಕ್ಕೆ ಒಂದೇ ಕಡತವೆನಿಸಿದರೂ ವಾಸ್ತವದಲ್ಲಿ ಅದು ಜಿಪ್ ವಿಧಾನದಿಂದ ಕುಗ್ಗಿಸಿದ ಹಲವು ಕಡತಗಳ ಕಟ್ಟು. ಮುಖ್ಯ ಪಠ್ಯ, ಪುಟದ ಮೇಲಂಚಿನ ಬರಹ, ಕೆಳಅಂಚಿನ ಬರಹ, ಚಿತ್ರಗಳು ಇವೆಲ್ಲ ಆ ಕಟ್ಟಿನೊಳಗೆ ಬೇರೆಬೇರೆಯಾಗಿ ಇರುತ್ತವೆ.

ವರ್ಡ್ ಕಡತವನ್ನು ಸುಲಭವಾಗಿ ತಿದ್ದಬಹುದು. ಆದರೆ ಬರೆದವರು ಬಳಸಿದ ಅಕ್ಷರಶೈಲಿ ಓದುವವರ ಗಣಕದಲ್ಲಿ ಇಲ್ಲದಿದ್ದರೆ ತಂತ್ರಾಂಶವು ಬೇರೊಂದು ಅಕ್ಷರಶೈಲಿಯನ್ನು ಬಳಸಿಕೊಳ್ಳುತ್ತದೆ. ಆಗ ಸಾಲುಗಳು ಮುರಿದು, ಎರಡು ಪುಟಗಳ ಸ್ವವಿವರವು ಮೂರನೆಯ ಪುಟಕ್ಕೆ ಹರಿಯಬಹುದು. ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮುಂತಾದ ಬೇರೆ ತಂತ್ರಾಂಶಗಳಲ್ಲಿ ತೆರೆದಾಗಲೂ ಇಂತಹ ವ್ಯತ್ಯಾಸಗಳು ಉಂಟಾಗುತ್ತವೆ.

ಪಿಡಿಎಫ್

ಪಿಡಿಎಫ್ ಎಂಬುದು ಅಡೋಬಿ ಸಂಸ್ಥೆಯು 1993ರಲ್ಲಿ ಬಿಡುಗಡೆ ಮಾಡಿದ ಸ್ವರೂಪ. ಯಾವ ಗಣಕದಲ್ಲಿ ತೆರೆದರೂ ಪುಟವು ಒಂದೇ ರೀತಿ ಕಾಣಬೇಕು ಎಂಬುದು ಇದರ ಮೂಲ ಉದ್ದೇಶ. ಅಡೋಬಿಯ ಸಹಸಂಸ್ಥಾಪಕ ಜಾನ್ ವಾರ್ನಾಕ್ 1991ರಲ್ಲಿ ‘ಕ್ಯಾಮೆಲಾಟ್’ ಎಂಬ ಹೆಸರಿನ ಯೋಜನೆಯಲ್ಲಿ ಈ ಕಲ್ಪನೆಯನ್ನು ಮುಂದಿಟ್ಟಿದ್ದರು. 2008ರಲ್ಲಿ ಪಿಡಿಎಫ್ ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾಯಿತು. ಅಕ್ಷರಶೈಲಿಗಳನ್ನು ಕಡತದೊಳಗೇ ಸೇರಿಸಲು ಅವಕಾಶವಿರುವುದರಿಂದ ಪುಟದ ವಿನ್ಯಾಸ ಕೆಡುವುದಿಲ್ಲ.

ಪಿಡಿಎಫ್ ಕಡತವನ್ನು ತಿದ್ದಲಾಗದು ಎಂಬುದು ವ್ಯಾಪಕವಾಗಿರುವ ತಪ್ಪು ತಿಳಿವಳಿಕೆ. ಪಿಡಿಎಫ್ ತಿದ್ದುವ ತಂತ್ರಾಂಶಗಳು ಬಹುಕಾಲದಿಂದ ಇವೆ. ವರ್ಡ್ 2013ರಿಂದ ಈಚೆಗೆ ವರ್ಡ್ ತಂತ್ರಾಂಶದಲ್ಲಿಯೇ ಪಿಡಿಎಫ್ ತೆರೆದು ತಿದ್ದಬಹುದಾದ ಪಠ್ಯವಾಗಿ ಪರಿವರ್ತಿಸಬಹುದು. ಪಿಡಿಎಫ್ ತಿದ್ದುವುದು ಶ್ರಮದ ಕೆಲಸ, ಪರಿವರ್ತನೆಯಲ್ಲಿ ವಿನ್ಯಾಸ ಕೆಡುವ ಸಂಭವ ಹೆಚ್ಚು ಎಂಬುದಷ್ಟೇ ನಿಜ. ಆದ್ದರಿಂದ ಪಿಡಿಎಫ್ ಒಂದು ತಡೆಯೇ ಹೊರತು ಬೀಗವಲ್ಲ.

ಇತರ ಸ್ವರೂಪಗಳು

* ಆರ್‌ಟಿಎಫ್: ಮೈಕ್ರೋಸಾಫ್ಟ್ 1987ರಲ್ಲಿ ಪ್ರಕಟಿಸಿದ ಸ್ವರೂಪ. ಬಹುತೇಕ ಎಲ್ಲ ಪದಸಂಸ್ಕಾರಕಗಳೂ ಇದನ್ನು ಓದಬಲ್ಲವು. 2008ರ ನಂತರ ಇದರ ನಿರೂಪಣೆಯನ್ನು ಪರಿಷ್ಕರಿಸಿಲ್ಲ.
* ಓಡಿಎಫ್: ಲಿಬ್ರೆಆಫೀಸ್ ಮುಂತಾದ ಮುಕ್ತ ತಂತ್ರಾಂಶಗಳ ಸ್ವರೂಪ. 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಇದರಲ್ಲಿ ಸ್ವವಿವರ ಬರೆದವರು ಕಳುಹಿಸುವ ಮೊದಲು ಡಾಕ್ಸ್ ಅಥವಾ ಪಿಡಿಎಫ್ ಆಗಿ ಉಳಿಸಿಕೊಳ್ಳುವುದು ವಾಡಿಕೆ.
* ಸರಳ ಪಠ್ಯ: ದಪ್ಪಕ್ಷರ, ಕೋಷ್ಟಕ, ಬಣ್ಣ ಯಾವುದೂ ಇಲ್ಲದ ಬರಹ. ಜಾಲತಾಣದ ಅರ್ಜಿಯ ಚೌಕಗಳಲ್ಲಿ ಅಂಟಿಸಲು ಇದು ಅನುಕೂಲ.
* ಚಿತ್ರ ಕಡತ: ಕಾಗದದ ಪ್ರತಿಯನ್ನು ಮೊಬೈಲ್ ಫೋನಿನಲ್ಲಿ ಛಾಯಾಚಿತ್ರ ತೆಗೆದು ವಾಟ್ಸ್‌ಆ್ಯಪ್ ಮೂಲಕ ಕಳುಹಿಸುವ ರೂಢಿಯಿದೆ. ಮನುಷ್ಯರು ಇದನ್ನು ಓದಬಲ್ಲರು. ತಂತ್ರಾಂಶದ ಪಾಲಿಗೆ ಅದು ಚಿತ್ರವೇ ಹೊರತು ಅಕ್ಷರಗಳಲ್ಲ. ಕಾಗದವನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಉಳಿಸಿದರೂ ಇದೇ ಸಮಸ್ಯೆ ಉಳಿಯುತ್ತದೆ.

ಸಂಸ್ಥೆಗಳು ವರ್ಡ್ ಕಡತ ಕೇಳುವ ಕಾರಣಗಳು

ಅಭ್ಯರ್ಥಿಯು ಪಿಡಿಎಫ್ ಕಳುಹಿಸಿದ ಮೇಲೂ ‘ವರ್ಡ್ ಕಾಪಿ ಕಳುಹಿಸಿ’ ಎಂದು ನೇಮಕಾತಿ ಸಂಸ್ಥೆಗಳು ಕೇಳುವುದುಂಟು. ಇದಕ್ಕೆ ಮುಖ್ಯವಾಗಿ ಮೂರು ಕಾರಣಗಳಿವೆ.

ಮೊದಲನೆಯದು ಸಂಪರ್ಕ ವಿವರಗಳನ್ನು ತೆಗೆಯುವುದು. ಉದ್ಯೋಗದಾತರು ಅಭ್ಯರ್ಥಿಯನ್ನು ನೇರವಾಗಿ ಸಂಪರ್ಕಿಸಿ ನೇಮಿಸಿಕೊಂಡರೆ ಸಂಸ್ಥೆಗೆ ಶುಲ್ಕ ತಪ್ಪಿಹೋಗುವ ಸಂಭವವಿದೆ. ಆದ್ದರಿಂದ ದೂರವಾಣಿ ಸಂಖ್ಯೆ, ಇ-ಮೇಲ್ ಮತ್ತು ಮನೆಯ ವಿಳಾಸವನ್ನು ಅಳಿಸಿ, ಕೆಲವೊಮ್ಮೆ ಹೆಸರನ್ನೂ ತೆಗೆದು, ಸ್ವವಿವರವನ್ನು ಮುಂದೆ ಕಳುಹಿಸಲಾಗುತ್ತದೆ. ಇದು ಶುಲ್ಕದ ರಕ್ಷಣೆಗಾಗಿ ನಡೆಯುವ ಕ್ರಮವಾದರೂ ಅಭ್ಯರ್ಥಿಯ ಖಾಸಗಿ ವಿವರಗಳು ಅನಗತ್ಯವಾಗಿ ಹರಡದಂತೆಯೂ ತಡೆಯುತ್ತದೆ.

ಎರಡನೆಯದು ಏಕರೂಪತೆ. ಒಂದು ಹುದ್ದೆಗೆ ಐದಾರು ಅಭ್ಯರ್ಥಿಗಳ ವಿವರ ಕಳುಹಿಸುವಾಗ ಸಂಸ್ಥೆಯು ತನ್ನ ಲಾಂಛನವಿರುವ ಒಂದೇ ಮಾದರಿಯಲ್ಲಿ ಅವನ್ನು ಜೋಡಿಸುತ್ತದೆ. ಓದುವ ಅಧಿಕಾರಿಗೆ ಹೋಲಿಕೆ ಸುಲಭವಾಗುತ್ತದೆ.

ಮೂರನೆಯದು ಹುದ್ದೆಗೆ ತಕ್ಕಂತೆ ಒತ್ತು ಬದಲಿಸುವುದು. ಉದ್ಯೋಗದಾತರು ಕೇಳಿದ ಅನುಭವವು ಸ್ವವಿವರದ ಕೊನೆಯಲ್ಲಿದ್ದರೆ ಅದನ್ನು ಮುಂದಕ್ಕೆ ತರುವುದು, ಕಾಗುಣಿತದ ತಪ್ಪು ಸರಿಪಡಿಸುವುದು ಇತ್ಯಾದಿ. ತೊಂದರೆ ಹುಟ್ಟಿಕೊಳ್ಳುವುದೂ ಈ ಮೂರನೆಯ ಕಾರಣದಲ್ಲಿಯೇ.

ತಿದ್ದುಪಡಿ ಮತ್ತು ಹೊಣೆಗಾರಿಕೆ

ಇರುವುದನ್ನು ಮುಂದಕ್ಕೆ ತರುವುದಕ್ಕೂ ಇಲ್ಲದ್ದನ್ನು ಸೇರಿಸುವುದಕ್ಕೂ ನಡುವಿನ ಗೆರೆ ತೆಳುವಾದದ್ದು. ಉದಾಹರಣೆಗೆ, ಲೆಕ್ಕಪತ್ರ ವಿಭಾಗದ ಹುದ್ದೆಗೆ ಅರ್ಜಿ ಸಲ್ಲಿಸುವ ಒಬ್ಬ ವಾಣಿಜ್ಯ ಪದವೀಧರೆಯು ‘ಟ್ಯಾಲಿ ತಂತ್ರಾಂಶದ ಪರಿಚಯವಿದೆ’ ಎಂದು ಬರೆದಿದ್ದಾಳೆ ಎಂದು ಭಾವಿಸಬಹುದು. ಮಧ್ಯವರ್ತಿಯು ಅದನ್ನು ‘ಟ್ಯಾಲಿಯಲ್ಲಿ ಮೂರು ವರ್ಷಗಳ ಅನುಭವ’ ಎಂದು ಬದಲಿಸಿ ಕಳುಹಿಸಿದರೆ, ಸಂದರ್ಶನದ ಮೇಜಿನ ಮೇಲಿರುವುದು ಆಕೆ ಬರೆಯದ ಸಾಲು. ಪ್ರಶ್ನೆಗೆ ಉತ್ತರಿಸಬೇಕಾದವಳು ಮಾತ್ರ ಆಕೆಯೇ. ಸಾಲು ತನ್ನದಲ್ಲವೆಂದು ಹೇಳಿದರೆ ತನ್ನ ಅರ್ಜಿಯನ್ನು ತಾನೇ ಅಲ್ಲಗಳೆದಂತಾಗುತ್ತದೆ. ಸುಮ್ಮನಿದ್ದರೆ ಸುಳ್ಳಿಗೆ ಪಾಲುದಾರಳಾದಂತಾಗುತ್ತದೆ. ನೇಮಕಾತಿಯ ನಂತರ ಹಿನ್ನೆಲೆ ಪರಿಶೀಲನೆಯಲ್ಲಿ ವ್ಯತ್ಯಾಸ ಕಂಡುಬಂದರೆ ಕೆಲಸವನ್ನೇ ಕಳೆದುಕೊಳ್ಳುವ ಸಂಭವವಿದೆ. ಮೊದಲ ಕೆಲಸ ಹುಡುಕುತ್ತಿರುವವರಿಗೆ ಈ ಅಪಾಯದ ಅರಿವು ಇಲ್ಲದಿರುವುದೇ ಹೆಚ್ಚು.

ಇದಕ್ಕೆ ಹೆದರಿ ಪಿಡಿಎಫ್ ಹೊರತು ಬೇರೇನನ್ನೂ ಕೊಡುವುದಿಲ್ಲ ಎಂದು ಹಟ ಹಿಡಿಯುವುದು ಪೂರ್ಣ ಪರಿಹಾರವಲ್ಲ. ಸಂಸ್ಥೆಯು ಪಿಡಿಎಫ್‌ನಿಂದ ಪಠ್ಯವನ್ನು ನಕಲಿಸಿ ತನ್ನ ಮಾದರಿಗೆ ಅಂಟಿಸಬಲ್ಲದು. ಆಗ ದಿನಾಂಕಗಳು ಅದಲುಬದಲಾಗುವಂತಹ ಹೊಸ ತಪ್ಪುಗಳು ನುಸುಳಬಹುದು. ಕೆಲಸದ ಒತ್ತಡದಲ್ಲಿ ಅಂತಹ ಸ್ವವಿವರವನ್ನು ಬದಿಗಿಡುವ ಸಾಧ್ಯತೆಯೂ ಇದೆ. ಪಿಡಿಎಫ್‌ಗೆ ಗುಪ್ತಪದ ಹಾಕಿ ಕಳುಹಿಸುವುದರಿಂದಲೂ ಇದೇ ತೊಂದರೆ.

ಹೆಚ್ಚು ಫಲಕಾರಿಯಾದುದು ಒಪ್ಪಿಗೆ ಮತ್ತು ದಾಖಲೆಯ ಕ್ರಮ. ವರ್ಡ್ ಕಡತವನ್ನು ಕೊಡುವಾಗ ಅದರೊಂದಿಗೆ ಪಿಡಿಎಫ್ ಪ್ರತಿಯನ್ನೂ ಲಗತ್ತಿಸಿ, ‘ವಿನ್ಯಾಸ ಬದಲಾವಣೆಗೆ ಒಪ್ಪಿಗೆಯಿದೆ, ವಿಷಯದಲ್ಲಿ ಬದಲಾವಣೆ ಮಾಡಿದರೆ ಕಳುಹಿಸುವ ಮೊದಲು ತೋರಿಸಬೇಕು’ ಎಂದು ಇ-ಮೇಲ್‌ನಲ್ಲಿ ಬರೆಯಬಹುದು. ದಿನಾಂಕವಿರುವ ಆ ಇ-ಮೇಲ್ ಮತ್ತು ಪಿಡಿಎಫ್ ಪ್ರತಿ, ಅಭ್ಯರ್ಥಿಯು ಮೂಲದಲ್ಲಿ ಏನನ್ನು ಬರೆದಿದ್ದರು ಎಂಬುದಕ್ಕೆ ಸಾಕ್ಷಿಯಾಗುತ್ತವೆ. ಸಂದರ್ಶನಕ್ಕೆ ಹೋಗುವ ಮೊದಲು ಉದ್ಯೋಗದಾತರಿಗೆ ಕಳುಹಿಸಲಾದ ಪ್ರತಿಯನ್ನು ಸಂಸ್ಥೆಯಿಂದ ಕೇಳಿ ಪಡೆಯುವುದು ಮತ್ತು ಸಂದರ್ಶನಕ್ಕೆ ತನ್ನದೇ ಮೂಲಪ್ರತಿಯನ್ನು ಒಯ್ಯುವುದು ಇನ್ನೆರಡು ಎಚ್ಚರಿಕೆಗಳು.

ಕೆಲವು ದೇಶಗಳಲ್ಲಿ ನೇಮಕಾತಿ ಸಂಸ್ಥೆಗಳ ನಡವಳಿಕೆಯನ್ನು ಕಾನೂನು ನಿಯಂತ್ರಿಸುತ್ತದೆ. ಬ್ರಿಟನ್ನಿನಲ್ಲಿ 1973ರ ಕಾಯಿದೆ ಮತ್ತು 2003ರ ನಿಯಮಾವಳಿಗಳು ಜಾರಿಯಲ್ಲಿವೆ. ಅಭ್ಯರ್ಥಿಯ ಗುರುತು, ಅನುಭವ ಮತ್ತು ಅರ್ಹತೆಗಳನ್ನು ಹಾಗೂ ಆ ಹುದ್ದೆಯಲ್ಲಿ ಕೆಲಸ ಮಾಡಲು ಅವರಿಗಿರುವ ಇಚ್ಛೆಯನ್ನು ಖಚಿತಪಡಿಸಿಕೊಂಡ ನಂತರವೇ ಅವರನ್ನು ಉದ್ಯೋಗದಾತರಿಗೆ ಪರಿಚಯಿಸಬೇಕೆಂದು ಅಲ್ಲಿನ ನಿಯಮ ಹೇಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲಿ ಅಂಗೀಕರಿಸಿದ 181ನೆಯ ಒಡಂಬಡಿಕೆಯು ಖಾಸಗಿ ಉದ್ಯೋಗ ಸಂಸ್ಥೆಗಳು ಕೆಲವು ವಿನಾಯಿತಿಗಳ ಹೊರತು ಕೆಲಸಗಾರರಿಂದ ಶುಲ್ಕ ಪಡೆಯಬಾರದೆಂದೂ ಅವರ ವೈಯಕ್ತಿಕ ಮಾಹಿತಿಯನ್ನು ಸಂರಕ್ಷಿಸಬೇಕೆಂದೂ ಹೇಳುತ್ತದೆ.

ತಂತ್ರಾಂಶದಿಂದ ಸ್ವವಿವರದ ಓದು

ದೊಡ್ಡ ಸಂಸ್ಥೆಗಳಲ್ಲಿ ಸ್ವವಿವರವನ್ನು ಮೊದಲು ಓದುವುದು ಅಭ್ಯರ್ಥಿ ನಿರ್ವಹಣಾ ತಂತ್ರಾಂಶ. ಅದು ಕಡತದಿಂದ ಪಠ್ಯವನ್ನು ಹೊರತೆಗೆದು ಹೆಸರು, ದೂರವಾಣಿ, ವಿದ್ಯಾರ್ಹತೆ, ಹಿಂದಿನ ಹುದ್ದೆಗಳು ಎಂದು ವಿಂಗಡಿಸಿ ದತ್ತಸಂಚಯದಲ್ಲಿ ಸೇರಿಸುತ್ತದೆ. ನಂತರ ನೇಮಕಾತಿ ಸಿಬ್ಬಂದಿಯು ಕೀಲಿಪದಗಳ ಮೂಲಕ ಹುಡುಕಿದಾಗ ಸರಿಯಾಗಿ ವಿಂಗಡಣೆಯಾದ ಸ್ವವಿವರಗಳು ಮಾತ್ರ ಮೇಲೆ ಬರುತ್ತವೆ.

ಈ ಓದಿಗೆ ಡಾಕ್ಸ್ ಕಡತಗಳು ಸಾಮಾನ್ಯವಾಗಿ ಸುಲಭ, ಏಕೆಂದರೆ ಅವುಗಳಲ್ಲಿ ಪಠ್ಯವು ವಾಕ್ಯವೃಂದಗಳ ಕ್ರಮದಲ್ಲಿಯೇ ಇರುತ್ತದೆ. ಪಿಡಿಎಫ್‌ನಲ್ಲಿ ಮುಖ್ಯವಾಗಿ ದಾಖಲಾಗುವುದು ಪುಟದ ಯಾವ ಸ್ಥಾನದಲ್ಲಿ ಯಾವ ಅಕ್ಷರರೂಪವನ್ನು ಮೂಡಿಸಬೇಕು ಎಂಬ ವಿವರ. ಪದಸಂಸ್ಕಾರಕದಿಂದ ನೇರವಾಗಿ ಉಳಿಸಿದ, ಸರಳ ವಿನ್ಯಾಸದ ಪಿಡಿಎಫ್‌ಗಳನ್ನು ಇಂದಿನ ತಂತ್ರಾಂಶಗಳು ಬಹುಮಟ್ಟಿಗೆ ಚೆನ್ನಾಗಿಯೇ ಓದುತ್ತವೆ. ಸ್ವರೂಪ ಯಾವುದೇ ಆಗಿರಲಿ, ತೊಂದರೆ ಕೊಡುವುದು ಹೆಚ್ಚಾಗಿ ವಿನ್ಯಾಸವೇ:

* ಎರಡು ಕಂಬಸಾಲುಗಳ ವಿನ್ಯಾಸದಲ್ಲಿ ತಂತ್ರಾಂಶವು ಎಡದಿಂದ ಬಲಕ್ಕೆ ನೇರವಾಗಿ ಓದಿದರೆ ಎಡಗಡೆಯ ಕೌಶಲಗಳೂ ಬಲಗಡೆಯ ಅನುಭವವೂ ಬೆರೆತುಹೋಗುತ್ತವೆ.
* ಡಾಕ್ಸ್ ಕಡತದಲ್ಲಿ ಪುಟದ ಮೇಲಂಚಿನ ಬರಹವು ಮುಖ್ಯ ಪಠ್ಯದಿಂದ ಬೇರೆಯಾಗಿರುವುದರಿಂದ, ಅಲ್ಲಿ ಬರೆದ ದೂರವಾಣಿ ಸಂಖ್ಯೆಯನ್ನು ಕೆಲವು ತಂತ್ರಾಂಶಗಳು ಗಮನಿಸದೆ ಬಿಡಬಹುದು.
* ಪಠ್ಯಚೌಕಗಳು, ಚಿತ್ರಗಳು ಮತ್ತು ನಕ್ಷೆಗಳೊಳಗಿನ ಬರಹ ಕಳೆದುಹೋಗಬಹುದು.

ಇದನ್ನು ಪರೀಕ್ಷಿಸುವ ಸರಳ ವಿಧಾನವಿದೆ. ಪಿಡಿಎಫ್ ಕಡತವನ್ನು ತೆರೆದು, ಅದರ ಪೂರ್ಣ ಪಠ್ಯವನ್ನು ಆಯ್ದು ನಕಲಿಸಿ, ನೋಟ್‌ಪ್ಯಾಡ್‌ನಂತಹ ಸರಳ ಪಠ್ಯ ತಂತ್ರಾಂಶದಲ್ಲಿ ಅಂಟಿಸಬೇಕು. ಸಾಲುಗಳು ಕ್ರಮವಾಗಿ, ಅಕ್ಷರಗಳು ಸರಿಯಾಗಿ ಬಂದರೆ ತಂತ್ರಾಂಶವೂ ಅದನ್ನು ಓದಬಲ್ಲದೆಂದು ತಕ್ಕಮಟ್ಟಿಗೆ ನಂಬಬಹುದು. ಏನೂ ಆಯ್ಕೆಯಾಗದಿದ್ದರೆ ಆ ಕಡತವು ಬರಿಯ ಚಿತ್ರ ಎಂದರ್ಥ.

ಕನ್ನಡ ಲಿಪಿಯ ಸ್ವವಿವರ

ಕರ್ನಾಟಕದಲ್ಲಿಯೂ ಖಾಸಗಿ ಉದ್ಯೋಗಗಳಿಗೆ ಸ್ವವಿವರವನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ ಬರೆಯಲಾಗುತ್ತದೆ. ಆದರೆ ಭಾಷಾಂತರ, ಪತ್ರಿಕೋದ್ಯಮ, ಕನ್ನಡ ಬೋಧನೆ, ಪ್ರಕಾಶನ ಮುಂತಾದ ಕ್ಷೇತ್ರಗಳಲ್ಲಿ ಕನ್ನಡ ಸ್ವವಿವರವನ್ನೋ ಕನ್ನಡ ಬರಹದ ಮಾದರಿಯನ್ನೋ ಕೇಳಬಹುದು. ಇಲ್ಲಿ ಕಡತದ ಸ್ವರೂಪದ ಜೊತೆಗೆ ಅಕ್ಷರಗಳ ಸಂಕೇತಪದ್ಧತಿಯೂ ಮುಖ್ಯವಾಗುತ್ತದೆ.

1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ ತಂತ್ರಾಂಶ ಹಾಗೂ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ತಂತ್ರಾಂಶಗಳು ಗಣಕದಲ್ಲಿ ಕನ್ನಡ ಬರವಣಿಗೆಯನ್ನು ಜನಸಾಮಾನ್ಯರಿಗೆ ತಲುಪಿಸಿದವು. ಅವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಸ್ಥಾನಗಳಲ್ಲಿಯೇ ಕನ್ನಡದ ಅಕ್ಷರರೂಪಗಳನ್ನು ಕೂರಿಸಲಾಗಿತ್ತು. ಅಂತಹ ಅಕ್ಷರಶೈಲಿಯಲ್ಲಿ ಬರೆದ ವರ್ಡ್ ಕಡತವನ್ನು ಅದೇ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಾಣುತ್ತವೆ. ಪಿಡಿಎಫ್ ಮಾಡಿ ಕಳುಹಿಸಿದರೆ ಕಣ್ಣಿಗೆ ಕನ್ನಡವಾಗಿಯೇ ಕಂಡರೂ ‘ಬೆಂಗಳೂರು’ ಎಂದು ಹುಡುಕಿದಾಗ ತಂತ್ರಾಂಶಕ್ಕೆ ಅದು ಸಿಗುವುದಿಲ್ಲ.

ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ ತನ್ನದೇ ಸಂಕೇತಸ್ಥಾನಗಳಿವೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಅದರಲ್ಲಿ ಸೇರಿದೆ. ಯೂನಿಕೋಡ್‌ನಲ್ಲಿ ಬರೆದ ಡಾಕ್ಸ್ ಕಡತವು ಯಾವ ಆಧುನಿಕ ಗಣಕದಲ್ಲಿಯೂ ಕನ್ನಡವಾಗಿಯೇ ತೆರೆದುಕೊಳ್ಳುತ್ತದೆ. ಆದರೆ ಯೂನಿಕೋಡ್ ಬಳಸಿದ ಪಿಡಿಎಫ್‌ನಿಂದಲೂ ಪಠ್ಯವನ್ನು ನಕಲಿಸುವಾಗ ಒತ್ತಕ್ಷರಗಳು ಮತ್ತು ಸ್ವರಚಿಹ್ನೆಗಳು ಸ್ಥಳ ಬದಲಿಸುವುದುಂಟು, ಏಕೆಂದರೆ ಹಲವು ಸಂಕೇತಗಳು ಸೇರಿ ಒಂದೇ ಆಕಾರವಾಗಿ ಪುಟದಲ್ಲಿ ಮೂಡಿರುತ್ತವೆ. ಆದ್ದರಿಂದ ಕನ್ನಡ ಸ್ವವಿವರವನ್ನು ಯೂನಿಕೋಡ್‌ನಲ್ಲಿ ಬರೆದು, ನೋಡಲು ಪಿಡಿಎಫ್ ಮತ್ತು ಹುಡುಕಲು ಡಾಕ್ಸ್ ಎಂದು ಎರಡನ್ನೂ ಕೊಡುವುದು ಸೂಕ್ತ. ಕಡತದ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟರೆ ಹಳೆಯ ವ್ಯವಸ್ಥೆಗಳಲ್ಲಿ ತೊಡಕಾಗುವುದಿಲ್ಲ.

ಗೋಪ್ಯತೆ ಮತ್ತು ಸುರಕ್ಷತೆ

ವರ್ಡ್ ಕಡತದಲ್ಲಿ ಪುಟದ ಮೇಲೆ ಕಾಣದ ಮಾಹಿತಿಯೂ ಇರುತ್ತದೆ. ಲೇಖಕರ ಹೆಸರು, ತಿದ್ದಿದ ದಿನಾಂಕ, ಟಿಪ್ಪಣಿಗಳು, ‘ಬದಲಾವಣೆಗಳ ಜಾಡು’ ಸೌಲಭ್ಯದಲ್ಲಿ ಉಳಿದ ಅಳಿಸಿದ ಸಾಲುಗಳು ಇಂತಹವು. ಗೆಳೆಯರ ಕಡತವನ್ನೇ ತಿದ್ದಿ ತನ್ನದಾಗಿಸಿಕೊಂಡಿದ್ದರೆ ಅವರ ಹೆಸರು ಲೇಖಕರ ಜಾಗದಲ್ಲಿ ಉಳಿದಿರಬಹುದು. ವರ್ಡ್ ತಂತ್ರಾಂಶದಲ್ಲಿ ಇಂತಹ ಮಾಹಿತಿಯನ್ನು ಪರಿಶೀಲಿಸಿ ತೆಗೆಯುವ ಸೌಲಭ್ಯವಿದೆ. ಪಿಡಿಎಫ್‌ನಲ್ಲಿಯೂ ಶೀರ್ಷಿಕೆ, ಲೇಖಕ ಮುಂತಾದ ವಿವರಗಳು ಉಳಿಯುತ್ತವೆ.

ವರ್ಡ್ ಕಡತಗಳ ಮೂಲಕ ವೈರಸ್ ಹರಡಿದ ಇತಿಹಾಸವೂ ಇದೆ. 1999ರ ಮೆಲಿಸ್ಸಾ ವೈರಸ್ ಇ-ಮೇಲ್‌ಗೆ ಲಗತ್ತಿಸಿದ ವರ್ಡ್ ಕಡತದ ಮ್ಯಾಕ್ರೋಗಳ ಮೂಲಕ ಹರಡಿತು. ಹಳೆಯ ಡಾಕ್ ಕಡತಗಳಲ್ಲಿ ಮ್ಯಾಕ್ರೋಗಳನ್ನು ಇಡಬಹುದಾಗಿತ್ತು. ಡಾಕ್ಸ್‌ನಲ್ಲಿ ಅದಕ್ಕೆ ಅವಕಾಶವಿಲ್ಲ. ಈ ಕಾರಣದಿಂದಲೂ ಹಳೆಯ ಡಾಕ್ ಸ್ವರೂಪವನ್ನು ವಿಶೇಷವಾಗಿ ಕೇಳದ ಹೊರತು ಬಳಸದಿರುವುದು ಒಳಿತು.

ಸ್ವವಿವರದಲ್ಲಿ ಆಧಾರ್ ಸಂಖ್ಯೆ, ಪ್ಯಾನ್ ಸಂಖ್ಯೆ, ಪಾಸ್‌ಪೋರ್ಟ್ ಸಂಖ್ಯೆಗಳನ್ನು ಬರೆಯುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಒಮ್ಮೆ ಕಳುಹಿಸಿದ ಕಡತವು ಯಾರ ಕೈಸೇರುತ್ತದೆಂದು ಹೇಳಲಾಗದು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವೈಯಕ್ತಿಕ ಮಾಹಿತಿಯ ಬಳಕೆಗೆ ಸಮ್ಮತಿಯನ್ನು ಮುಖ್ಯ ಆಧಾರವಾಗಿಸಿದೆ. ವಿದೇಶದ ಕೆಲಸಕ್ಕೆ ಜನರನ್ನು ಕಳುಹಿಸುವ ಏಜೆಂಟರು 1983ರ ವಲಸೆ ಕಾಯಿದೆಯಡಿ ನೋಂದಾಯಿಸಿಕೊಂಡಿರಬೇಕು. ಕೊಲ್ಲಿ ರಾಷ್ಟ್ರಗಳ ಕೆಲಸಕ್ಕೆ ಅರ್ಜಿ ಸಲ್ಲಿಸುವವರು ಈ ನೋಂದಣಿಯನ್ನು ಮೊದಲು ಪರಿಶೀಲಿಸಿ, ಆಮೇಲೆ ದಾಖಲೆಗಳನ್ನು ಕೊಡುವುದು ಸುರಕ್ಷಿತ.

ಆಯ್ಕೆಯ ಕ್ರಮ

ಮೇಲಿನ ಅಂಶಗಳ ಆಧಾರದ ಮೇಲೆ ಸಾಮಾನ್ಯವಾಗಿ ಅನುಸರಿಸಬಹುದಾದ ಕ್ರಮ ಹೀಗಿದೆ:

* ಜಾಹೀರಾತು ಅಥವಾ ಜಾಲತಾಣವು ನಿರ್ದಿಷ್ಟ ಸ್ವರೂಪವನ್ನು ಸೂಚಿಸಿದ್ದರೆ ಅದನ್ನೇ ಪಾಲಿಸುವುದು. ಗಾತ್ರದ ಮಿತಿಯಿದ್ದರೆ ಚಿತ್ರಗಳನ್ನು ತೆಗೆದು ಕಡತವನ್ನು ಚಿಕ್ಕದಾಗಿಸುವುದು.
* ಉದ್ಯೋಗದಾತರಿಗೆ ನೇರವಾಗಿ ಕಳುಹಿಸುವಾಗ, ಬೇರೆ ಸೂಚನೆ ಇಲ್ಲದಿದ್ದರೆ ಪಿಡಿಎಫ್.
* ನೇಮಕಾತಿ ಸಂಸ್ಥೆಗೆ ಕಳುಹಿಸುವಾಗ ಡಾಕ್ಸ್ ಮತ್ತು ಪಿಡಿಎಫ್ ಎರಡೂ, ತಿದ್ದುಪಡಿಯ ಬಗೆಗಿನ ಮಾತಿನೊಂದಿಗೆ.
* ಅಪರಿಚಿತ ಸಂಸ್ಥೆಯಾಗಿದ್ದು ಯಾವ ಹುದ್ದೆ, ಯಾವ ಉದ್ಯೋಗದಾತ ಎಂಬುದನ್ನು ತಿಳಿಸದಿದ್ದರೆ ಮೊದಲು ಪಿಡಿಎಫ್ ಮಾತ್ರ. ವಿವರ ತಿಳಿದ ಮೇಲೆ ಡಾಕ್ಸ್.
* ಜಾಲತಾಣದ ಚೌಕಗಳಲ್ಲಿ ತುಂಬಲು ಸರಳ ಪಠ್ಯದ ಒಂದು ಪ್ರತಿ.
* ಕಡತಕ್ಕೆ ‘ರೆಸ್ಯೂಮೆ ಹೊಸದು’ ಎಂಬಂತಹ ಹೆಸರಿನ ಬದಲು ಅಭ್ಯರ್ಥಿಯ ಹೆಸರು ಮತ್ತು ಹುದ್ದೆಯನ್ನು ಸೂಚಿಸುವ ಹೆಸರು.
* ಯಾರಿಗೆ, ಯಾವ ದಿನ, ಯಾವ ಪ್ರತಿಯನ್ನು ಕಳುಹಿಸಲಾಯಿತು ಎಂಬ ಒಂದು ಪಟ್ಟಿ.

ಕೊನೆಯ ಅಂಶವು ಚಿಕ್ಕದೆನಿಸಿದರೂ ಉಪಯುಕ್ತವಾದುದು. ಒಂದೇ ಹುದ್ದೆಗೆ ಎರಡು ಸಂಸ್ಥೆಗಳು ಒಬ್ಬರದೇ ಸ್ವವಿವರವನ್ನು ಕಳುಹಿಸಿದಾಗ ಶುಲ್ಕ ಯಾರಿಗೆ ಸಲ್ಲಬೇಕೆಂಬ ವಿವಾದ ಹುಟ್ಟಿ, ಉದ್ಯೋಗದಾತರು ಆ ಅರ್ಜಿಯನ್ನೇ ಕೈಬಿಡುವ ಸಂಭವವಿದೆ. ಯಾವ ಪ್ರತಿ ಎಲ್ಲಿದೆ ಎಂಬುದನ್ನು ಬಲ್ಲ ಅಭ್ಯರ್ಥಿಯು ಇಂತಹ ಗೊಂದಲವನ್ನು ತಪ್ಪಿಸಬಹುದು. ಸಂದರ್ಶನದಲ್ಲಿ ತನ್ನ ಮುಂದಿಡುವ ಹಾಳೆಯು ತಾನು ಬರೆದದ್ದೇ ಅಲ್ಲವೇ ಎಂಬುದನ್ನೂ ಒಂದು ನೋಟದಲ್ಲಿ ಗುರುತಿಸಬಹುದು.